ನರ್ಸಿಂಗ್ ಕಾಲೇಜು ಆರಿಸುವ ಮೊದಲು ವಾರ್ಡು ನೋಡಿ ಬನ್ನಿ

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನ ಹಳ್ಳಿಯವಳು. ದ್ವಿತೀಯ ಪಿಯುಸಿಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಓದಿ ಶೇ. 58 ಅಂಕ ಪಡೆದಿದ್ದೇನೆ, ಸಿಇಟಿಯನ್ನೂ ಬರೆದಿದ್ದೇನೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮಾಡಿದರೆ ಬೇಗ ಕೆಲಸ ಸಿಗುತ್ತದೆ ಎಂದು ಕಾಕಾ ಹೇಳುತ್ತಾರೆ, ಉಪನ್ಯಾಸಕರು ಬಿ.ಎಸ್‌ಸಿ. ನರ್ಸಿಂಗ್ ಎನ್ನುತ್ತಾರೆ. ದೂರದ ನಗರದ ಕಾಲೇಜೊಂದರ ಏಜೆಂಟರು ಊರಿಗೆ ಬಂದು, ಮುಂಗಡ ಕೊಟ್ಟರೆ ಸೀಟು ಖಚಿತ, ಹಾಜರಾತಿಯ ಚಿಂತೆ ಬೇಡ ಎಂದಿದ್ದಾರೆ. ಏನು ಮಾಡಲಿ? ಕಲಾ ವಿಭಾಗದಲ್ಲಿ ಓದುತ್ತಿರುವ ನನ್ನ ತಂಗಿಗೂ ಈ ದಾರಿ ಇದೆಯೇ?

ಉತ್ತರ: ಏಜೆಂಟರ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಅವಸರವಿರುವುದು ಅಲ್ಲಿಯೇ. ಹಾಜರಾತಿ ಬೇಡವೆನ್ನುವ ಕಾಲೇಜು ನಿಮಗೆ ಬೇಡ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ನಿಯಮದಂತೆ ಪರೀಕ್ಷೆಗೆ ಕೂರಲು ಕನಿಷ್ಠ ಶೇ. 80ರಷ್ಟು ಹಾಜರಾತಿ ಇರಬೇಕು. ಪದವಿ ಕೈಸೇರುವ ಮೊದಲು ಪ್ರಾಯೋಗಿಕ ತರಬೇತಿಯ ಹಾಜರಾತಿ ಪೂರ್ತಿ ಶೇ. 100 ಆಗಿರಬೇಕು. ಕಾಗದದಲ್ಲಿ ಇದನ್ನೆಲ್ಲ ತುಂಬಿ ಕೊಡುವವರು ಸಿಗಬಹುದು, ಆದರೆ ಸಲೈನ್ ಹಚ್ಚಲು ಮಗುವಿನ ಕೈಯಲ್ಲಿ ರಕ್ತನಾಳ ಹುಡುಕುವ ಹೊತ್ತಿಗೆ ಆ ಕಾಗದ ನೆರವಿಗೆ ಬರುವುದಿಲ್ಲ. ಮುಂಗಡವನ್ನಾಗಲಿ, ಅಂಕಪಟ್ಟಿಯ ಮೂಲ ಪ್ರತಿಯನ್ನಾಗಲಿ ಏಜೆಂಟರ ಕೈಗೆ ಕೊಡಬೇಡಿ.

ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ, ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಎರಡರಲ್ಲಿ ಯಾವುದನ್ನು ಮುಗಿಸಿದರೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಾಯಿತ ನರ್ಸ್ ಆಗಬಹುದು, ಆದ್ದರಿಂದ ಕಾಕಾ ಹೇಳಿದ್ದು ತಪ್ಪಲ್ಲ. ಖಾಸಗಿ ದವಾಖಾನೆಯ ವಾರ್ಡಿನಲ್ಲಿ ಮೊದಲ ಕೆಲವು ವರ್ಷ ಇಬ್ಬರೂ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ವ್ಯತ್ಯಾಸ ಕಾಣುವುದು ಆಮೇಲೆ. ಎಂ.ಎಸ್‌ಸಿ. ಮಾಡಿ ಬೋಧಕರಾಗುವುದಕ್ಕೆ, ಹಳ್ಳಿಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗುವುದಕ್ಕೆ ಪದವಿಯೇ ನೇರವಾದ ದಾರಿ. ಜೀವವಿಜ್ಞಾನವನ್ನು ಓದಿ, ಬೇಕಾದ ಶೇ. 45ಕ್ಕಿಂತ ಹೆಚ್ಚು ಅಂಕ ಪಡೆದಿರುವ ನೀವು, ಒಂದು ವರ್ಷ ಉಳಿಸುವ ಆಸೆಗೆ ಡಿಪ್ಲೊಮಾಕ್ಕೆ ಇಳಿಯುವುದು ನನಗೆ ಸರಿಯೆನಿಸುವುದಿಲ್ಲ. ಮನೆಯ ಹಣಕಾಸು ನಾಲ್ಕನೆಯ ವರ್ಷವನ್ನು ತಾಳದು ಎಂದಾದರೆ ಮಾತ್ರ ಬೇರೆ ಯೋಚನೆ ಮಾಡಿ.

ಸೀಟಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆಯನ್ನೇ ನೆಚ್ಚಿಕೊಳ್ಳಿ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲಾಗಿವೆ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಇನ್ನು ಕಾಲೇಜಿನ ಆಯ್ಕೆ. ಬಹಳಷ್ಟು ಪಾಲಕರು ಕಟ್ಟಡ ನೋಡಿ, ಹಾಸ್ಟೆಲ್ ನೋಡಿ, ಫೀ ಕೇಳಿ ಹಿಂತಿರುಗುತ್ತಾರೆ. ಆದರೆ ನರ್ಸ್ ತಯಾರಾಗುವುದು ರೋಗಿಯ ಮಂಚದ ಬಳಿ. ಕಾಲೇಜಿಗೆ ತನ್ನದೇ ಆದ, ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇದೆಯೇ, ಅಲ್ಲಿ ಹಾಸಿಗೆಗಳು ತುಂಬಿರುತ್ತವೆಯೇ ಅಥವಾ ತಪಾಸಣೆಯ ದಿನಕ್ಕಷ್ಟೇ ಹಾಸಿದ ಚಾದರಗಳೇ ಎಂಬುದನ್ನು ಕಣ್ಣಾರೆ ನೋಡಿ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಿರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಲೆಕ್ಕ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಂಥ ಸರ್ಕಾರಿ ದವಾಖಾನೆಗಳಿಗೆ ವಿದ್ಯಾರ್ಥಿಗಳನ್ನು ಕಳಿಸುವ ಕಾಲೇಜುಗಳಿದ್ದರೆ, ಅಲ್ಲಿ ಯಾವ ವಾರ್ಡಿಗೆ, ಎಷ್ಟು ವಾರ ಕಳಿಸುತ್ತಾರೆಂದು ಕೇಳಿ. ಮಾನಸಿಕ ಆರೋಗ್ಯದ ತರಬೇತಿಗೆ ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಗೆ ಕರೆದೊಯ್ಯುತ್ತಾರೋ, ಪಾಠದಲ್ಲೇ ಮುಗಿಸುತ್ತಾರೋ ಎಂಬುದೂ ಮುಖ್ಯ. ಇದನ್ನು ಪ್ರಾಂಶುಪಾಲರಿಗಿಂತ ಕೊನೆಯ ವರ್ಷದ ವಿದ್ಯಾರ್ಥಿನಿಯರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ: ಇದುವರೆಗೆ ತಾವೇ ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ಕೇಳಿ ನೋಡಿ. ಬಿ.ಎಸ್‌ಸಿ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದೆಯೇ ಎಂಬುದನ್ನು ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ನೋಡಿ. ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅಂಗರಚನಾಶಾಸ್ತ್ರದ ಮೊದಲ ತಿಂಗಳುಗಳು ಭಾರವೆನಿಸುತ್ತವೆ. ಆದರೆ ವಾರ್ಡಿನಲ್ಲಿ ನಿಮ್ಮ ಕನ್ನಡ, ಅಷ್ಟಿಷ್ಟು ಉರ್ದು, ತೆಲುಗು ಇಂಗ್ಲಿಷಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ತಂಗಿಗೆ ಬಿ.ಎಸ್‌ಸಿ. ನರ್ಸಿಂಗ್ ಸೀಟು ದೊರೆಯದು, ಜಿಎನ್‌ಎಂ ದೊರೆಯುತ್ತದೆ: ಇಂಗ್ಲಿಷ್ ಸಹಿತ ಪಿಯುಸಿಯಲ್ಲಿ ಶೇ. 40 ಅಂಕ ಸಾಕು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಿ ಪದವಿಯನ್ನೂ ಪಡೆಯಬಹುದು.

ಪ್ರಶ್ನೆ: ಜಿಎನ್‌ಎಂ ಮುಗಿಸಿ ಬೀದರಿನ ಖಾಸಗಿ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದೇನೆ. ಏಮ್ಸ್‌ನ ನರ್ಸಿಂಗ್ ಆಫೀಸರ್ ಪರೀಕ್ಷೆ ಬರೆಯಬಹುದೇ?

ಉತ್ತರ: ಬರೆಯಬಹುದು. ಡಿಪ್ಲೊಮಾ ಪಡೆದವರು ನೋಂದಣಿಯ ಜೊತೆಗೆ, ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವನ್ನು ತೋರಿಸಬೇಕು. ನಿಮ್ಮ ಆಸ್ಪತ್ರೆ ಅದಕ್ಕಿಂತ ಚಿಕ್ಕದಾಗಿದ್ದರೆ ಈಗಲೇ ದೊಡ್ಡದಕ್ಕೆ ಬದಲಿಸಿ. ಅನುಭವ ಪತ್ರದಲ್ಲಿ ಹಾಸಿಗೆಗಳ ಸಂಖ್ಯೆಯನ್ನೂ, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನೂ ಬರೆಸಿಕೊಳ್ಳಿ.