ಗೋವಾದಲ್ಲಿ ದುಡಿಯುವ ಗಂಡ ದೀಪಾವಳಿಗೆ ಬರ್ತಾರೆ. ಅನುಮಾನ ಅಂದುಕೊಳ್ಳದ ಹಾಗೆ ಎಚ್‌ಐವಿ ಟೆಸ್ಟ್ ಮಾಡಿಸಿ ಅಂತ ಹೇಗೆ ಕೇಳಲಿ?

ತಂಗಿ, ಇದನ್ನೇ ಯೋಚಿಸುತ್ತ ನಾನು ಆರು ವರ್ಷ ಕಳೆದೆ. ಬಾಗಲಕೋಟೆ ಜಿಲ್ಲೆಯ ಹಳ್ಳಿ ನಮ್ಮದು. ಹಿಂಗಾರಿ ಜೋಳ ಕೈಕೊಟ್ಟ ವರ್ಷ ಮನೆಯವರು ಗೋವಾದ ವಾಸ್ಕೋಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದರು. ಯುಗಾದಿ, ಪಂಚಮಿ, ದೀಪಾವಳಿಗೆ ಬರುತ್ತಿದ್ದರು.

ನಾನು ಕೆಟ್ಟಿದ್ದು ಒಂದು ಕಾರ್ಡ್ ನಂಬಿ. 2012ರಲ್ಲಿ ಎರಡನೇ ಬಸಿರಿನಲ್ಲಿ ರಕ್ತ ತೆಗೆದರು, ನೆಗೆಟಿವ್ ಬಂತು, ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟರು. ಅದನ್ನು ಟ್ರಂಕಿನಲ್ಲಿ ಸೀರೆಯ ಕೆಳಗಿಟ್ಟು, ಭಯವಾದಾಗೆಲ್ಲ ತೆಗೆದು ನೋಡುತ್ತಿದ್ದೆ. ಅದು ಆ ದಿನದ ರಕ್ತದ ಮಾತು ಅಷ್ಟೇ. ಅದರ ಹಿಂದಿನ ಮೂರು ತಿಂಗಳಲ್ಲಿ ಸೋಂಕು ತಗುಲಿದ್ದರೂ ಕಾಣದೆ ಹೋಗಬಹುದಿತ್ತು. ಆಮೇಲೆ ಬಂದ ಹಬ್ಬಗಳ ಮಾತಂತೂ ಅದರಲ್ಲಿ ಇರಲೇ ಇಲ್ಲ. ಹೆರಿಗೆಯಾದ ಮೇಲೆ ಆಪರೇಷನ್ ಆಯಿತು. ಬಸಿರೇ ಇಲ್ಲ ಅಂದಮೇಲೆ ರಕ್ತ ನೋಡುವವರಿಲ್ಲ. ಬಸಿರಿನ ಭಯ ಹೋಯಿತು ಅಂದಮೇಲೆ ನಿರೋಧ್ ಯಾರಿಗೆ ಬೇಕು? ನಮ್ಮ ಕಡೆ ಇಪ್ಪತ್ತೈದು ತುಂಬುವ ಮೊದಲೇ ಆಪರೇಷನ್ ಆದವರು ಎಷ್ಟು ಜನ, ನೀನೇ ಎಣಿಸು.

2018ರಲ್ಲಿ ಬೆನ್ನಿಗೆ ಸರ್ಪಸುತ್ತು ಎದ್ದಿತು, ಮೈಯ ಶಕ್ತಿ ಕುಂದಿದಾಗ ಏಳುವಂಥದ್ದು. ಅತ್ತೆ ಕೆಮ್ಮಣ್ಣು ಹಚ್ಚಿಸಿದರು. ಆಗಲೂ ಕಾರ್ಡ್ ನೋಡಿ ಸುಮ್ಮನಾದೆ. ಕೆಮ್ಮು ಬಿಡದೆ ಟಿಬಿ ಅಂತ ತಿಳಿದಾಗ ಎಚ್‌ಐವಿಯನ್ನೂ ನೋಡಿದರು, ಪಾಸಿಟಿವ್ ಬಂತು. ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, 168ಕ್ಕೆ ಇಳಿದಿತ್ತು. 200ರ ಕೆಳಗೆ ಇಳಿದರೆ ರೋಗ ತಡೆಯುವ ಮೈಯ ಶಕ್ತಿ ತುಂಬ ಕುಂದುತ್ತದೆ.

ಅವರನ್ನು ಹೇಗೆ ಕೇಳಲಿ ಅಂತೀಯ. ಕೇಳಲೇ ಬೇಡ, ಮೊದಲು ನೀನು ಟೆಸ್ಟ್‌ಗೆ ಹೋಗು. "ನನ್ ಮ್ಯಾಲ ಸಂಶೇ ಏನ್?" ಅಂತ ಶುರುವಾದರೆ ಟೆಸ್ಟ್ ಪಕ್ಕಕ್ಕೆ ಸರಿದು ನಡತೆಯ ಪಂಚಾಯ್ತಿ ಆಗುತ್ತದೆ. ನನ್ನವರೂ ತಿಂಗಳು ತಪ್ಪದೆ ದುಡ್ಡು ಕಳಿಸಿದವರೇ. ನನ್ನ ಚೀಟಿ ತೋರಿಸಿದ ಮೇಲೆ ಬಾಯಿ ಬಿಡದೆ ನನ್ನ ಜೊತೆ ಬಂದು ರಕ್ತ ಕೊಟ್ಟರು. ಈಗ ಇಬ್ಬರೂ ದಿನಕ್ಕೊಂದು ಮಾತ್ರೆ ನುಂಗುತ್ತೇವೆ, ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಪುಕ್ಕಟೆ. ನನ್ನ ರಕ್ತದಲ್ಲಿ ವೈರಸ್ ಈಗ ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ನಿನಗೆ ನೆಗೆಟಿವ್ ಬಂದರೆ ಅದನ್ನು ಟ್ರಂಕಿನಲ್ಲಿ ಇಡಬೇಡ. ಅವರು ಬಂದು ಹೋದ ಮೂರು ತಿಂಗಳಿಗೆ ಮತ್ತೆ ಹೋಗು, ಪ್ರತಿ ಸಲವೂ. ಅವರ ರಕ್ತವನ್ನೂ ನೋಡುವವರೆಗೆ ನಿರೋಧ್ ಬಿಡಬೇಡ. ಆಪರೇಷನ್ ಆಗಿದ್ದರೂ ಬೇಕು.

ಊರಿಗೆ ಗೊತ್ತಾದೀತು ಅಂತ ಹೆದರಬೇಡ. 2017ರ ಎಚ್‌ಐವಿ ಕಾನೂನಿನ ಪ್ರಕಾರ ನಿನ್ನ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಊರಿಗೆ ಹೇಳುವ ಹಾಗೂ ಇಲ್ಲ. ಮೊದಲು ಮಾತಾಡಬೇಕೆನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡು. ತಾಲ್ಲೂಕು ಆಸ್ಪತ್ರೆಯಲ್ಲಿ ಐಸಿಟಿಸಿ (ಎಚ್‌ಐವಿ ಸಲಹೆ, ಟೆಸ್ಟ್ ಮಾಡುವ ಕೇಂದ್ರ) ಎಲ್ಲಿ ಅಂತ ಕೇಳು ಸಾಕು, ಬಾಗಿಲಲ್ಲಿ ಯಾರಿಗೂ ಕಾರಣ ಹೇಳಬೇಕಾಗಿಲ್ಲ.