ಎಚ್‌ಪಿವಿ ಸೋಂಕಿನ ಪ್ರಮಾಣ ಅಳೆಯಲು ಹೊರರೋಗಿಗಳು ಸಾಕೇ, ಹಳ್ಳಿಗೇ ಹೋಗಬೇಕೇ?

ನೀವು ವಿಜಯಪುರದಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೀರಿ, ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಸೋಂಕು ಎಷ್ಟು ಮಹಿಳೆಯರಲ್ಲಿದೆ ಎಂದು ಅಳೆಯಲು ಹೊರಟಿದ್ದೀರಿ. ಆಸ್ಪತ್ರೆಗೆ ಬರುವ ಹೊರರೋಗಿಗಳನ್ನು ಪರೀಕ್ಷಿಸಿದರೆ ಸಾಕೇ, ಹಳ್ಳಿಗೇ ಹೋಗಬೇಕೇ ಎಂದು ಕೇಳಿದ್ದೀರಿ. ನಾನು ಹಳ್ಳಿಗೆ ಹೋದವಳು. ಹೋಗಿಯೂ ಎಡವಿದೆ.

ಇಂಡಿ ತಾಲ್ಲೂಕಿನಲ್ಲಿ ದೀಪಾವಳಿ ಕಳೆದ ಮೇಲೆ ಸಮೀಕ್ಷೆ ಶುರು ಮಾಡಿದೆವು. ಪಟ್ಟಿಯಲ್ಲಿ ಆಯ್ಕೆಯಾದ ಮನೆಗೆ ಹೋದರೆ ಬಾಗಿಲಿಗೆ ಬೀಗ. ‘ಗ್ಯಾಂಗಿನವರ ಜೊತೆ ಕಬ್ಬು ಕಡಿಯಲು ಹೋಗಿದ್ದಾರೆ ತಂಗಿ, ಯುಗಾದಿಗೆ ಬರುತ್ತಾರೆ’ ಎಂದರು ಪಕ್ಕದ ಮನೆಯ ಅಜ್ಜಿ. ಮಾದರಿಗಳ ಸಂಖ್ಯೆ ತುಂಬಬೇಕಲ್ಲ, ಆ ಅಜ್ಜಿಯ ಸೊಸೆಯನ್ನೇ ಸೇರಿಸಿಕೊಂಡೆ. ಆಮೇಲೆ ಬೀಗ ಕಂಡಲ್ಲೆಲ್ಲ ಪಕ್ಕದ ಮನೆ ಹೊಕ್ಕೆ. ಎಷ್ಟು ಮನೆ ಬಿಟ್ಟೆ ಎಂದು ಬರೆದಿಡಲೂ ಇಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ನೂರು ಮಹಿಳೆಯರಲ್ಲಿ 20 ಮಂದಿ ಕಬ್ಬಿನ ಗದ್ದೆಯಲ್ಲಿದ್ದಾರೆ ಎಂದುಕೊಳ್ಳಿ. ಊರಲ್ಲಿರುವವರಲ್ಲಿ ಸೋಂಕು ಶೇ 5, ಗದ್ದೆಗೆ ಹೋದವರಲ್ಲಿ ಶೇ 10 ಎಂದುಕೊಳ್ಳಿ. ನಿಜವಾದ ಪ್ರಮಾಣ ಶೇ 6. ಬೀಗದ ಮನೆಗೆ ಬದಲಾಗಿ ಪಕ್ಕದ ಮನೆಯವರನ್ನು ಸೇರಿಸಿದರೆ ನಿಮಗೆ ಸಿಗುವುದು ಶೇ 5. ಹತ್ತು ಸಾವಿರ ಮಾದರಿ ತಂದರೂ ಅದೇ ಶೇ 5. ಸಂಖ್ಯೆ ಹೆಚ್ಚಿದಷ್ಟೂ ತಪ್ಪು ಉತ್ತರವೇ ಗಟ್ಟಿಯಾಗುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ತಿದ್ದಲಾರದು. ಗುಳೆ ಹೋದವಳು ಬೇಗ ಮದುವೆಯಾದವಳು, ಹೆಚ್ಚು ಹೆತ್ತವಳು, ಒಮ್ಮೆಯೂ ತಪಾಸಣೆಗೆ ಬಾರದವಳು ಆಗಿರಬಹುದು. ಯಾರ ಸಲುವಾಗಿ ಈ ಅಧ್ಯಯನವೋ ಅವಳನ್ನೇ ನಾನು ಕೈಬಿಟ್ಟಿದ್ದೆ. ‘ಆಯ್ಕೆಯಾದವರಲ್ಲಿ ಎಷ್ಟು ಮಂದಿ ಸಿಕ್ಕರು?’ ಎಂದು ಪರಿಶೀಲಕರು ಕೇಳಿದಾಗ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಪ್ರಬಂಧ ವಾಪಸ್ ಬಂತು.

ನಮ್ಮ ಪಲ್ಸ್ ಪೋಲಿಯೊ ತಂಡಗಳನ್ನು ನೋಡಿ. ಮಗುವಿಗೆ ಹನಿ ಹಾಕಲು ಆಗದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುಣಿಸು ಗುರುತು ಹಾಕಿ ಮತ್ತೆ ಬರುತ್ತಾರೆ. ಆಶಾ ಕಾರ್ಯಕರ್ತೆಗೆ ಇದೆಲ್ಲ ಗೊತ್ತು, ನಾನು ಕೇಳಲಿಲ್ಲ ಅಷ್ಟೆ.

ಹಾಗಾದರೆ ಹೊರರೋಗಿಗಳೇ ಲೇಸು ಎನ್ನಬೇಡಿ. ಬಿಳಿಸೆರಗು, ರಕ್ತಸ್ರಾವ ಎಂದು ಬಂದವರನ್ನು ಎಣಿಸಿ ಜಿಲ್ಲೆಯ ಪ್ರಮಾಣ ಹೇಳಲಾಗದು. ಕಾಯಿಲೆ ಬಲಿತವರು ಮಹಾರಾಷ್ಟ್ರದ ಸೊಲ್ಲಾಪುರಕ್ಕೋ ಮಿರಜ್‌ಗೋ ಹೋಗುತ್ತಾರೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ (ಒಂದು ಪ್ರದೇಶದ ಕ್ಯಾನ್ಸರ್ ರೋಗಿಗಳ ದಾಖಲೆ) ಆರಂಭವಾದಾಗ ಸಿಬ್ಬಂದಿ ಹಳ್ಳಿಹಳ್ಳಿ ಸುತ್ತಿ ರೋಗಿಗಳನ್ನು ಹುಡುಕಿದ್ದು ಆಸ್ಪತ್ರೆಯಲ್ಲಿ ಕೂತರೆ ಎಲ್ಲರೂ ಸಿಗುವುದಿಲ್ಲವೆಂದೇ.

ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎಲ್ಲಿ ಅಳೆಯಬೇಕು ಎನ್ನುವ ಮೊದಲು ಅಳೆದ ಮೇಲೆ ಏನು ಮಾಡುತ್ತೀರಿ ಎಂದು ಹೇಳಿ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 30ರಿಂದ 59 ವರ್ಷದ 1,31,746 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಒಂದೇ ಒಂದು ಸುತ್ತಿನ ಎಚ್‌ಪಿವಿ ತಪಾಸಣೆ ನಡೆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್‌ನ ಸಾವು, ತಪಾಸಣೆ ನಡೆಯದ ಗುಂಪಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕಿಳಿದಿತ್ತು. ಸೋಂಕು ಕಂಡವರನ್ನು ಮುಂದಿನ ಪರೀಕ್ಷೆಗೆ, ಚಿಕಿತ್ಸೆಗೆ ಕರೆದೊಯ್ದಿದ್ದರಿಂದ ಇಳಿಯಿತು.

ಆದ್ದರಿಂದ ಮಳೆಗಾಲದಲ್ಲಿ, ಗ್ಯಾಂಗುಗಳು ಊರಲ್ಲಿರುವಾಗ ಹೋಗಿ. ಬೀಗದ ಮನೆಗೆ ಮತ್ತೆ ಹೋಗಿ, ಸಿಗದವರನ್ನು ಸಿಗಲಿಲ್ಲವೆಂದೇ ಬರೆಯಿರಿ. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ, ಬಹುಪಾಲು ಸೋಂಕು ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ ಎಂದು ಸೋಂಕು ಕಂಡ ಮಹಿಳೆಯೊಬ್ಬಳನ್ನೇ ಕೂರಿಸಿಕೊಂಡು ಹೇಳಿ. ವರದಿಯನ್ನು ಅತ್ತೆಯ ಕೈಗೂ ಗಂಡನ ಕೈಗೂ ಕೊಡಬೇಡಿ. ಅವಳನ್ನು ಮುಂದೆ ಯಾವ ವೈದ್ಯರು, ಯಾರ ಖರ್ಚಿನಲ್ಲಿ ನೋಡುತ್ತಾರೆ ಎಂಬುದು ಬರವಣಿಗೆಯಲ್ಲಿ ಖಚಿತವಾಗುವವರೆಗೆ ಒಂದು ಮಾದರಿಯನ್ನೂ ತೆಗೆಯಬೇಡಿ.