ಮಕ್ಕಳಿಗಿಂತ ಮೊದಲು ಅವರಮ್ಮನ ಬಗ್ಗೆ ಯೋಚಿಸಿ

ಶಿವಮೊಗ್ಗದ ವಿನೋಬನಗರದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೀರಿ. ಮಗನಿಗೆ ಐದು, ಮಗಳಿಗೆ ಎರಡು. ನಾನೊಬ್ಬನೇ ಮೊದಲು ಬರಲಾ, ಎಲ್ಲರೂ ಒಟ್ಟಿಗೆ ಬರೋದಾ, ಮಕ್ಕಳು ಹೊಂದಿಕೊಳ್ತಾರಾ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು. ನನ್ನ ಇಬ್ಬರೂ ಮಕ್ಕಳು ಬೆಳೆದದ್ದು ಇದೇ ಸ್ಟುಟ್‌ಗಾರ್ಟ್‌ನಲ್ಲಿ.

ಮಕ್ಕಳು ಹೊಂದಿಕೊಳ್ಳುತ್ತಾರೆ, ಬಿಡಿ. ನಿಮ್ಮ ಪತ್ರದಲ್ಲಿ ಹೆಂಡತಿಯ ಬಗ್ಗೆ ಇರುವುದು ಒಂದೇ ಸಾಲು: ಟೀಚರ್ ಆಗಿದ್ದಾರೆ, ಕೆಲಸ ಬಿಟ್ಟು ಬರುತ್ತಾರೆ. ನನಗೆ ಅವರದ್ದೇ ಯೋಚನೆ. ನಿಮಗೆ ಆಫೀಸಿದೆ, ಇಂಗ್ಲಿಷ್‌ನಲ್ಲಿ ದಿನ ಕಳೆಯುತ್ತದೆ. ನಮ್ಮ ಕಡೆ ಜಗಲಿಯಲ್ಲಿ ಕೂತರೆ ಸಾಕು, ದಾರಿಯಲ್ಲಿ ಹೋಗುವವರು ಮಾತಾಡಿಸಿಕೊಂಡೇ ಹೋಗುತ್ತಾರೆ. ಇಲ್ಲಿ ಬಾಗಿಲು ಹಾಕಿಕೊಂಡರೆ ಯಾರೂ ತಟ್ಟುವುದಿಲ್ಲ. ಜನ ಕೆಟ್ಟವರು ಅಂತಲ್ಲ, ಕರೆಯದೆ ಬರುವ ರೂಢಿ ಇಲ್ಲ. ವಾಪಸ್ ಹೋದ ಕುಟುಂಬಗಳನ್ನು ನೋಡಿದ್ದೇನೆ. ಕೆಲಸ ಸರಿ ಇಲ್ಲ ಅಂತ ಹೋದವರು ಕಡಿಮೆ. ಮನೆಯಲ್ಲಿದ್ದವರಿಗೆ ಉಸಿರು ಕಟ್ಟಿತು ಅಂತ ಹೋದವರೇ ಜಾಸ್ತಿ.

ನಿಮ್ಮ ಹೆಂಡತಿ ಶಿವಮೊಗ್ಗದಲ್ಲಿ ಇರುವಾಗಲೇ ಜರ್ಮನ್ ಶುರು ಮಾಡಲಿ. ನೀವು ಬ್ಲೂ ಕಾರ್ಡ್, ಅಂದರೆ ಓದಿದ ಪರಿಣತರಿಗೆ ಕೊಡುವ ಕೆಲಸದ ಪರವಾನಗಿ, ಅದರ ಮೇಲೆ ಬಂದರೆ ಅವರ ವೀಸಾಕ್ಕೆ ಭಾಷೆಯ ಪರೀಕ್ಷೆ ಬೇಕಿಲ್ಲ. ಇಲ್ಲಿ ಕೆಲಸ ಮಾಡುವ ಹಕ್ಕೂ ಅವರಿಗಿದೆ. ಪರೀಕ್ಷೆ ಬೇಡ ಅಂದ ಮಾತ್ರಕ್ಕೆ ಭಾಷೆ ಬೇಡ ಅಂತಲ್ಲ. ಡಾಕ್ಟರ ಹತ್ತಿರ, ಅಂಗಡಿಯಲ್ಲಿ, ಮಕ್ಕಳ ಆಟದ ಮೈದಾನದಲ್ಲಿ ನಡೆಯುವುದು ಜರ್ಮನ್ನೇ. ಬಂದ ಮೇಲೆ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ದೊಡ್ಡವರಿಗಾಗಿ ಇರುವ ಶಾಲೆಯಲ್ಲಿ, ಸಂಜೆ ಕ್ಲಾಸಿಗೆ ಸೇರಿಸಿ. ಆ ಹೊತ್ತು ಊಟ ಮಾಡಿಸುವುದು, ಮಲಗಿಸುವುದು ಎಲ್ಲ ನಿಮ್ಮ ಪಾಲು. ವಿಮಾನ ಹತ್ತುವ ಮೊದಲೇ ಇದನ್ನು ಇಬ್ಬರೂ ಕೂತು ಮಾತಾಡಿಕೊಳ್ಳಿ.

ನೀವು ಒಬ್ಬರೇ ಮೊದಲು ಬರುವುದು ಒಳ್ಳೆಯದು, ಆದರೆ ಮನೆ ಸಿಗುವ ತನಕ ಮಾತ್ರ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಓನರ್ ಸಹಿ ಮಾಡಿದ ಕಾಗದ ಬೇಕು. ಮುಂದಿನದೆಲ್ಲ ನಿಂತಿರುವುದು ಆ ನೋಂದಣಿಯ ಮೇಲೆ. ಮಕ್ಕಳ ಭತ್ಯೆಗೂ ಆಮೇಲೆ ಅರ್ಜಿ ಹಾಕಿ. 2025ರಲ್ಲಿ ಅದು ಮಗುವಿಗೆ ತಿಂಗಳಿಗೆ 255 ಯೂರೊ ಇತ್ತು.

ಮನೆ ಸಿಕ್ಕ ಕೂಡಲೇ ಕೀಟಾ, ಅಂದರೆ ಶಿಶುವಿಹಾರ, ಹುಡುಕಿ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಕೊಡಬೇಕು ಅನ್ನುವ ಕಾನೂನು 2013ರಿಂದ ಇದೆ. ಆದರೂ ಜಾಗಕ್ಕೆ ಕಾಯಬೇಕಾಗುತ್ತದೆ. ಊರಿಂದ ಬರುವಾಗ ತಾಯಿ ಕಾರ್ಡ್ ಮರೆಯಬೇಡಿ. ದಡಾರದ ಲಸಿಕೆ ಆಗಿದೆ ಅಂತ ತೋರಿಸದೆ ಕೀಟಾಗೆ ಸೇರಿಸಿಕೊಳ್ಳುವುದಿಲ್ಲ. 2020ರ ಮಾರ್ಚ್‌ನಿಂದ ಅದು ಕಡ್ಡಾಯ.

ನಮ್ಮ ಅಂಗನವಾಡಿಯ ಹಾಗೆ ಮೊದಲ ದಿನವೇ ಬಿಟ್ಟು ಬರುವಂತಿಲ್ಲ. ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಒಳಗೆ ಕೂರಬೇಕು. ಆಮೇಲೆ ಕೆಲವು ನಿಮಿಷ ಹೊರಗೆ, ಮಾರನೇ ದಿನ ಇನ್ನೂ ಸ್ವಲ್ಪ ಹೊತ್ತು. ಹೀಗೆ ವಾರಗಟ್ಟಲೆ. ನನ್ನ ಮಗಳಿಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅವಳ ಟೀಚರ್ ನನ್ನ ಹತ್ತಿರ ನೀರು, ಸಾಕು, ಸುಸ್ಸು, ನಿದ್ದೆ, ಅಮ್ಮ ಬರ್ತಾಳೆ ಅಂತ ಜರ್ಮನ್ ಅಕ್ಷರದಲ್ಲಿ ಬರೆಸಿಕೊಂಡು, ಕೈ ತೊಳೆಯುವ ಜಾಗದ ಮೇಲೆ ಅಂಟಿಸಿದ್ದರು. ಮಗು ಅತ್ತಾಗ ಅದನ್ನು ನೋಡಿ ತಡವರಿಸುತ್ತಾ "ಅಮ್ಮ ಬರ್ತಾಳೆ" ಅನ್ನುತ್ತಿದ್ದರು. ಅದನ್ನು ಕೇಳಿ ನನ್ನ ಎದೆಯ ಭಾರ ಇಳಿದಿತ್ತು. ನೀವು ರಜೆ ಹಾಕುವುದಾದರೆ ಆ ವಾರಗಳಿಗೆ ಹಾಕಿ.

ಮನೆಯಲ್ಲಿ ಕನ್ನಡವನ್ನೇ ಆಡಿ. ಜರ್ಮನ್ ಅವರಿಗೆ ಹೊರಗೆ ಬರುತ್ತದೆ, ಕನ್ನಡ ನೀವು ಕೊಟ್ಟರೆ ಮಾತ್ರ.

ಇಲ್ಲಿ ಮಳೆ ಬಂತೆಂದು ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ. ರಬ್ಬರ್ ಪ್ಯಾಂಟ್, ಬೂಟ್ ಹಾಕಿ ಕೆಸರಿಗೆ ಬಿಡುತ್ತಾರೆ. ಮಲೆನಾಡಿನವರಿಗೆ ಇದೇನು ಹೊಸದಲ್ಲ, ಅಲ್ವಾ? ಕಷ್ಟ ಆಗುವುದು ಡಿಸೆಂಬರ್. ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಎಷ್ಟೇ ಚಳಿ ಇರಲಿ, ಮಧ್ಯಾಹ್ನ ಒಂದು ಸುತ್ತು ಎಲ್ಲರೂ ಹೊರಗೆ ಹೋಗಿ ಬನ್ನಿ, ಮುಖ್ಯವಾಗಿ ನಿಮ್ಮ ಹೆಂಡತಿ.

ಮಗುವಿಗೆ ಜ್ವರ ಬಂದರೆ ಡಾಕ್ಟರ್ ಸುಲಭಕ್ಕೆ ಆಂಟಿಬಯೋಟಿಕ್ ಬರೆಯುವುದಿಲ್ಲ, ಗಾಬರಿಯಾಗಬೇಡಿ. ಕ್ಲಿನಿಕ್ ಮುಚ್ಚಿರುವಾಗ 116117ಕ್ಕೆ, ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ.

ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಧಾರಾಳವಾಗಿ ತನ್ನಿ. ಮನೆಯ ತುಪ್ಪ ಮಾತ್ರ ಬೇಡ. ಹಾಲಿನ ಪದಾರ್ಥ ತರಲು ಬಿಡುವುದಿಲ್ಲ, ಕಸ್ಟಮ್ಸ್‌ನಲ್ಲಿ ತೆಗೆದಿಡುತ್ತಾರೆ.

ನಿಮ್ಮ ಅತ್ತೆ ಮಾವನಿಗೆ ಅಡಿಕೆ ತೋಟ ಇದೆ ಅಂದಿರಿ. ಸಂದರ್ಶಕರ ವೀಸಾದಲ್ಲಿ 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಕೊಯ್ಲು ಮುಗಿಸಿ ಏಪ್ರಿಲ್‌ನಲ್ಲಿ ಬಂದರೆ, ಮಳೆಗಾಲದ ಔಷಧಿ ಹೊಡೆಯುವ ಹೊತ್ತಿಗೆ ಊರು ಸೇರಬಹುದು. ಮೊದಲ ವರ್ಷವೇ ಕರೆಸಿಕೊಳ್ಳಿ. ನಿಮ್ಮ ಹೆಂಡತಿಗೆ ಅಮ್ಮ ಜೊತೆಗಿದ್ದಂತಾಗುತ್ತದೆ.